ಇಂದಿನ ಧಮ್ಮ ಚಿಂತನೆ: ಹಳೆಯ ಆಟವನ್ನು ಮತ್ತೆ ಆಡಬೇಕೇ?

ಹೋದ ಭಾನುವಾರ ವಂದನೆ ಮುಗಿಸಿ ಎಲ್ಲರೂ ಚಹಾ ಕುಡಿಯುತ್ತಾ ಕೂತಿದ್ದೆವು. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ನಮ್ಮ ಬಳಗದ ಒಬ್ಬ ಹುಡುಗ ರಜೆಗೆ ಬಂದಿದ್ದ. ಸ್ವಲ್ಪ ನಾಚಿಕೊಂಡೇ ಒಂದು ಪ್ರಶ್ನೆ ಕೇಳಿದ.

“ಅಣ್ಣ, ಚಿಕ್ಕವನಿದ್ದಾಗ ಆಡಿದ ವಿಡಿಯೋ ಗೇಮೆಲ್ಲ ಈಗ ಮೊಬೈಲಲ್ಲೇ ಸಿಗುತ್ತೆ. ಆದ್ರೆ ನಾನು ಬೇಕಂತಲೇ ಆಡಲ್ಲ. ಆಡಿದ್ರೆ ಆ ನೆನಪು ಹಾಳಾಗುತ್ತೆ ಅಂತ ಭಯ. ಇದೂ ಉಪಾದಾನವಾ?”

ಒಂದಿಬ್ಬರು ನಕ್ಕರು. ಬುದ್ಧ ವಂದನೆ ಆದ ಮೇಲೆ ವಿಡಿಯೋ ಗೇಮಿನ ಮಾತಾ ಎಂದು. ಆದರೆ ನಮ್ಮ ಬಳಗದ ಹಿರಿಯ ಅಕ್ಕ ಒಬ್ಬರು ನಗಲಿಲ್ಲ. “ಇರಲಿ ಬಿಡು ಮಗಾ, ಮುಟ್ಟಬೇಡ. ಒಳ್ಳೇ ನೆನಪು ಅಂತ ನಮ್ಮ ಜನಕ್ಕೆ ಎಷ್ಟಿದಾವೆ? ಇರೋ ಒಂದನ್ನೂ ಯಾಕೆ ಕೆಡಿಸ್ಕೊಳ್ತೀಯ?” ಎಂದರು.

ನಾನು ಸುಮ್ಮನಿದ್ದೆ. ಯಾಕೆಂದರೆ ಆ ಹುಡುಗ ಹೇಳಿದ್ದನ್ನೇ ನಾನು ಇಪ್ಪತ್ತು ವರ್ಷದಿಂದ ಮಾಡುತ್ತಾ ಬಂದಿದ್ದೆ. ಈ ವಾರ ನನಗೆ ಏನಾಯಿತು ಎಂಬುದನ್ನು ನಿಮ್ಮ ಮುಂದೆ ಇಡುತ್ತೇನೆ. ಉತ್ತರವನ್ನು ನೀವೇ ನೋಡಿಕೊಳ್ಳಿ.

*ನನ್ನ ಸಿಹಿ ನೆನಪು*

ನನ್ನ ಊರು ಶಿಕಾರಿಪುರ ತಾಲ್ಲೂಕಿನ ಈಸೂರು. ನಾನು ಐದನೇ ಕ್ಲಾಸಿನಲ್ಲಿದ್ದಾಗ ನನ್ನ ಗೆಳೆಯನೊಬ್ಬನ ಮನೆಗೆ ವಿಡಿಯೋ ಗೇಮ್ ಬಂತು. ಬಿಳಿ ಪೆಟ್ಟಿಗೆ, ಮೇಲೆ ಹಳದಿ ಕ್ಯಾಸೆಟ್ ಹಾಕುವ ಜಾಗ, ಎರಡು ರಿಮೋಟು. ಕಂಟ್ರೋಲರ್ ಅನ್ನುವ ಮಾತು ನಮಗೆ ಗೊತ್ತಿರಲಿಲ್ಲ, ಎಲ್ಲವೂ ರಿಮೋಟೇ. ಕ್ಯಾಸೆಟ್ ಹಿಡಿಯದಿದ್ದರೆ ತೆಗೆದು ಬಾಯಿಂದ ಉಫ್ ಎಂದು ಊದಿ ಮತ್ತೆ ಹಾಕುವುದು. ಕರೆಂಟು ಹೋದರೆ ಆಡಿದ್ದೆಲ್ಲ ಹೋಯಿತು, ಮತ್ತೆ ಮೊದಲಿಂದ.

ನಾವು ಆಡುತ್ತಿದ್ದದ್ದು ಕಾಂಟ್ರಾ. ಜಪಾನಿನ ಕೊನಾಮಿ ಕಂಪನಿ 1987ರಲ್ಲಿ ತಂದ ಆಟ ಅದು. ಇಬ್ಬರು ಒಟ್ಟಿಗೆ ಆಡಬಹುದು. ಮೊದಲನೆಯವನು ನೀಲಿ ಪ್ಯಾಂಟಿನವನು, ಎರಡನೆಯವನು ಕೆಂಪು ಪ್ಯಾಂಟಿನವನು. ನಾನು ಯಾವಾಗಲೂ ಕೆಂಪು. ಬೇಸಿಗೆ ರಜೆ, ಅವನ ಮನೆಯವರು ತೋಟಕ್ಕೆ ಹೋದ ಹೊತ್ತು, ಇಬ್ಬರೂ ಭುಜಕ್ಕೆ ಭುಜ ಕೊಟ್ಟು ಕೂತು ಗುಂಡು ಹಾರಿಸುತ್ತಿದ್ದೆವು. ಆಗ ಕೇರಿ ಯಾವುದು, ಊರು ಯಾವುದು? ಎರಡು ಬೊಂಬೆ, ಒಂದೇ ಶತ್ರು.

ನನ್ನ ಮನಸ್ಸಿನಲ್ಲಿ ಇಪ್ಪತ್ತು ವರ್ಷ ಇದ್ದ ಚಿತ್ರ ಇದು. ಕಾಲೇಜಿನಲ್ಲಿ ಯಾರೋ ನನ್ನ ಜಾತಿ ಕೇಳಿ ಮುಖ ತಿರುಗಿಸಿದಾಗ ನಾನು ಈ ಚಿತ್ರವನ್ನು ತೆಗೆದು ನೋಡುತ್ತಿದ್ದೆ. ಬಾಡಿಗೆ ಮನೆ ಸಿಗದೆ ಶಿವಮೊಗ್ಗದಲ್ಲಿ ಬೀದಿ ಬೀದಿ ಅಲೆದ ದಿನ ರಾತ್ರಿಯೂ ತೆಗೆದು ನೋಡಿದ್ದೆ. ಎಲ್ಲರೂ ಹಾಗಲ್ಲ, ಒಂದು ಕಾಲದಲ್ಲಿ, ಒಂದು ಮನೆಯಲ್ಲಿ, ನಾನು ಸರಿಸಮ ಕೂತು ಆಡಿದ್ದೆ ಎಂದು. ಆ ಆಟ ಎಲ್ಲಾದರೂ ಕಣ್ಣಿಗೆ ಬಿದ್ದರೆ ಮುಂದೆ ಹೋಗಿಬಿಡುತ್ತಿದ್ದೆ. ನೋಡಿದರೆ ಬಣ್ಣ ಮಾಸುತ್ತದೆ ಎಂಬ ಭಯ.

*ಮುಟ್ಟದಿದ್ದರೆ ನೆನಪು ಉಳಿಯುತ್ತದೆಯೇ?*

ಇಲ್ಲಿ ಒಂದು ವಿಷಯ ಯೋಚಿಸಬೇಕು. ನೆನಪು ಅಂದರೆ ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಮಡಿಸಿಟ್ಟ ಮದುವೆ ಸೀರೆ ಎಂದು ನಾವು ತಿಳಿದಿದ್ದೇವೆ. ಉಡದಿದ್ದರೆ ಹೊಸದಾಗಿಯೇ ಇರುತ್ತದೆ ಎಂದು.

2000ನೇ ಇಸವಿಯಲ್ಲಿ ಕರೀಂ ನಾದರ್ ಎಂಬ ವಿಜ್ಞಾನಿ ಮತ್ತು ಸಂಗಡಿಗರು ಇಲಿಗಳ ಮೇಲೆ ಮಾಡಿದ ಪ್ರಯೋಗವೊಂದು ಪ್ರಕಟವಾಯಿತು. ಒಂದು ಶಬ್ದ ಕೇಳಿದರೆ ಹೆದರುವಂತೆ ಇಲಿಗಳಿಗೆ ರೂಢಿ ಮಾಡಿಸಿದ್ದರು. ಆ ನೆನಪು ಗಟ್ಟಿಯಾದ ಮೇಲೆ, ಅದನ್ನು ಮತ್ತೆ ಎಬ್ಬಿಸಿ, ಕೂಡಲೇ ಮಿದುಳಿನ ಒಂದು ಭಾಗಕ್ಕೆ ಹೊಸ ಪ್ರೋಟೀನ್ ಆಗದಂತೆ ತಡೆಯುವ ಔಷಧ ಕೊಟ್ಟರು. ಹಳೆಯ ನೆನಪೇ ಕುಗ್ಗಿಹೋಯಿತು. ನೆನಪನ್ನು ಎಬ್ಬಿಸದೆ ಅದೇ ಔಷಧ ಕೊಟ್ಟಾಗ ಹಾಗಾಗಲಿಲ್ಲ. ಅಂದರೆ ನೆನಪು ಎದ್ದಾಗ ಹಸಿಯಾಗಬಹುದು, ಮತ್ತೆ ಕಟ್ಟಿಕೊಳ್ಳಬೇಕಾಗಬಹುದು. ಮಿದುಳಿನ ವಿದ್ಯೆಯಲ್ಲಿ ಇದು ದೊಡ್ಡ ಚರ್ಚೆಯನ್ನೇ ಹುಟ್ಟಿಸಿತು.

ನಮಗೆ ಇದು ತೀರಾ ಹೊಸದೇನಲ್ಲ. ಸಂಖಾರಗಳೆಲ್ಲ ಅನಿತ್ಯ ಎಂದು ದಿನವೂ ಹೇಳಿಕೊಳ್ಳುತ್ತೇವೆ. ಆದರೆ ಆ ಪಟ್ಟಿಯಿಂದ ನಮ್ಮ ಇಷ್ಟದ ನೆನಪನ್ನು ಮಾತ್ರ ಗುಟ್ಟಾಗಿ ಹೊರಗಿಟ್ಟಿರುತ್ತೇವೆ.

ನಾನು ಆಟವನ್ನು ಮುಟ್ಟಲಿಲ್ಲ, ನಿಜ. ಆದರೆ ನೆನಪನ್ನು ನೂರಾರು ಸಲ ಮುಟ್ಟಿದ್ದೆ. ಕಷ್ಟ ಬಂದಾಗಲೆಲ್ಲ ತೆಗೆದು, ನನಗೆ ಆ ಹೊತ್ತಿಗೆ ಬೇಕಾದಷ್ಟು ಒರೆಸಿ, ಬೇಡದ್ದನ್ನು ಕತ್ತರಿಸಿ ಮತ್ತೆ ಇಟ್ಟಿದ್ದೆ. ಹೇಳಬೇಕೆಂದರೆ ಆಟವೇ ಬದಲಾಗದೆ ಉಳಿದದ್ದು. ಆ ಕಾಡು, ಆ ಸೇತುವೆ, ಆ ಜಲಪಾತ 1987ರಲ್ಲಿ ಹೇಗೆ ಬರೆದಿದ್ದರೋ ಹಾಗೇ ಇವೆ. ಬದಲಾದದ್ದು ನನ್ನ ತಲೆಯೊಳಗಿನದು. ಹಾಗಾದರೆ ನಾನು ಯಾವುದನ್ನು ಯಾವುದರಿಂದ ಕಾಪಾಡುತ್ತಿದ್ದೆ?

*ಭಾನುವಾರ ರಾತ್ರಿ*

ಮನೆಗೆ ಬಂದೆ. ನನ್ನ ಮಗನಿಗೆ ಅವನ ಸೋದರಮಾವ ಒಂದು ಗೇಮ್ ಸ್ಟಿಕ್ ಕೊಡಿಸಿದ್ದಾನೆ. ಟಿವಿಗೆ ಸಿಕ್ಕಿಸಿದರೆ ಸಾವಿರಾರು ಹಳೆಯ ಆಟ. ಅದರಲ್ಲಿ ಕಾಂಟ್ರಾ ಇದೆ ಎಂದು ನನಗೆ ಮೊದಲೇ ಗೊತ್ತಿತ್ತು. ಅವನು ಎಷ್ಟೋ ಸಲ ಕರೆದಿದ್ದ, ನಾನು ಏನೋ ನೆಪ ಹೇಳಿ ಎದ್ದು ಹೋಗುತ್ತಿದ್ದೆ. ಅವತ್ತು ನಾನೇ ಕೂತೆ. ಎರಡನೇ ರಿಮೋಟು ತೆಗೆದುಕೊಂಡೆ. ಅದಕ್ಕೆ ವೈರೇ ಇಲ್ಲ.

ಮೊದಲ ಎರಡು ಹಂತ ಆಟ ಸಪ್ಪೆ ಅನಿಸಿತು. ಬೊಂಬೆಗಳು ಹೆಬ್ಬೆರಳಿನಷ್ಟು. ಶಬ್ದ ಡಬ್ಬಿ ಬಡಿದ ಹಾಗೆ. ಹುಡುಗ ಹೆದರಿದ್ದು ಇದಕ್ಕೇ ಇರಬೇಕು, ಇಷ್ಟೇನಾ ಎಂದುಕೊಂಡೆ.

ಮೂರನೆಯದು ಜಲಪಾತ. ಆಡಿದವರಿಗೆ ಗೊತ್ತು, ಅಲ್ಲಿ ಮುಂದೆ ಓಡುವುದಿಲ್ಲ, ಬಂಡೆಯಿಂದ ಬಂಡೆಗೆ ಮೇಲಕ್ಕೆ ಹಾರಬೇಕು. ಇಬ್ಬರಲ್ಲಿ ಒಬ್ಬ ಬೇಗ ಹತ್ತಿದರೆ ಪರದೆ ಅವನ ಜೊತೆ ಮೇಲೆ ಹೋಗುತ್ತದೆ. ಕೆಳಗುಳಿದವನು ಪರದೆಯಿಂದ ಆಚೆ ಬಿದ್ದು ಸಾಯುತ್ತಾನೆ. ಶತ್ರುವಿನ ಗುಂಡೇ ಬೇಕಿಲ್ಲ, ಜೊತೆಗಾರ ಕಾಯದಿದ್ದರೆ ಸಾಕು.

ಮಗ ಸರಸರ ಹತ್ತಿದ. ನಾನು ಸತ್ತೆ. ಮತ್ತೆ ಬಂದೆ, ಮತ್ತೆ ಸತ್ತೆ. ಮಗ ಬಿದ್ದು ಬಿದ್ದು ನಕ್ಕ. “ಅಪ್ಪ, ನೀನು ಚಿಕ್ಕವನಿದ್ದಾಗಲೂ ಹೀಗೇ ಸಾಯ್ತಿದ್ದಾ?”

“ಇಲ್ಲ ಕಣೋ. ಅವನು ಕಾಯ್ತಿದ್ದ” ಎಂದೆ.

ಬಾಯಿಂದ ಆ ಮಾತು ಬಂದ ಮೇಲೆ ನಾನೇ ಬೆಚ್ಚಿದೆ. ಅವನು ಕಾಯುತ್ತಿದ್ದ. ಒಂದು ಬಂಡೆ ಮೇಲೆ ನಿಂತು “ಬಾರೋ, ಬಾರೋ” ಎನ್ನುತ್ತಿದ್ದ. ಆದರೆ ಯಾಕೆ ಕಾಯಬೇಕಿತ್ತು? ಆಟದಲ್ಲಿ ನಾನೇನು ಅವನಿಗಿಂತ ಮಂದ ಇರಲಿಲ್ಲ. ನಾನು ಹಿಂದೆ ಬೀಳುತ್ತಿದ್ದದ್ದು ಯಾಕೆಂದರೆ ನನಗೆ ಟಿವಿ ಪೂರ್ತಿ ಕಾಣುತ್ತಿರಲಿಲ್ಲ. ಬಲಗಡೆಯ ತುದಿ ಬಾಗಿಲ ಚೌಕಟ್ಟಿನ ಹಿಂದೆ ಮರೆಯಾಗುತ್ತಿತ್ತು.

ಬಾಗಿಲ ಚೌಕಟ್ಟು. ನಾನು ಕೂತಿದ್ದದ್ದು ಹೊಸ್ತಿಲಿನ ಆಚೆ, ಜಗಲಿಯ ಮೇಲೆ.

ಭುಜಕ್ಕೆ ಭುಜ ಕೊಟ್ಟು ಕೂತಿದ್ದೆವು ಎಂಬುದನ್ನು ನಾನೇ ಸೇರಿಸಿಕೊಂಡಿದ್ದೆ. ಅವನು ಒಳಗೆ, ನಾನು ಹೊರಗೆ. ನಡುವೆ ಹೊಸ್ತಿಲು. ಯಾರೂ ನನಗೆ ಬೈದಿರಲಿಲ್ಲ, ಹೊಡೆದಿರಲಿಲ್ಲ. “ಒಳಗೆ ಬರಬೇಡ” ಎಂದು ಒಬ್ಬರೂ ಹೇಳಿದ್ದಿಲ್ಲ. ಹೇಳಬೇಕಾಗಿಯೇ ಇರಲಿಲ್ಲ. ಹತ್ತು ವರ್ಷದ ಹುಡುಗನಿಗೆ ಎಲ್ಲಿ ನಿಲ್ಲಬೇಕೆಂದು ಕಾಲಿಗೇ ಗೊತ್ತಿತ್ತು.

ರಿಮೋಟು ಕೆಳಗಿಟ್ಟು ಎದ್ದು ಹೋಗಿ ಮುಖ ತೊಳೆದುಕೊಂಡೆ. ನಮ್ಮ ಅಕ್ಕ ಹೇಳಿದ್ದು ನಿಜವಾಯಿತಲ್ಲ, ಇದ್ದ ಒಂದನ್ನೂ ಕೆಡಿಸಿಕೊಂಡೆನಲ್ಲ ಎನಿಸಿತು.

*ವೈರು*

ರಾತ್ರಿ ನಿದ್ದೆ ಬರಲಿಲ್ಲ. ಆನಾಪಾನಕ್ಕೆ ಕೂತೆ. ಮನಸ್ಸು ಮತ್ತೆ ಮತ್ತೆ ಆ ಜಗಲಿಗೇ ಓಡುತ್ತಿತ್ತು. ಎಳೆದು ತರುವುದನ್ನು ಬಿಟ್ಟು, ಸರಿ, ನೋಡೋಣ ಎಂದು ನೋಡುತ್ತಾ ಕೂತೆ. ಆಗ ಇನ್ನೊಂದು ವಿಷಯ ಹೊಳೆಯಿತು.

ಆ ರಿಮೋಟುಗಳ ವೈರು ಬಹಳ ಗಿಡ್ಡ. ಟಿವಿ ಇದ್ದದ್ದು ಪಡಸಾಲೆಯ ಆ ಕಡೆ ಗೋಡೆಗೆ. ಅಲ್ಲಿಂದ ಹೊಸ್ತಿಲಿನವರೆಗೆ ಆ ವೈರು ಮುಟ್ಟುವುದಕ್ಕೆ ಸಾಧ್ಯವೇ ಇಲ್ಲ. ಹಾಗಾದರೆ ನನ್ನ ಕೈಗೆ ರಿಮೋಟು ಹೇಗೆ ಬಂತು?

ಅವನು ಪೆಟ್ಟಿಗೆಯನ್ನು ಎಳೆದು ತರುತ್ತಿದ್ದ. ಟಿವಿಯ ಹಿಂದೆ ಸಿಕ್ಕಿಸುವ ಉದ್ದದ ವೈರು ಪೂರ್ತಿ ಬಿಗಿಯಾಗುವವರೆಗೆ ಎಳೆದು, ಪೆಟ್ಟಿಗೆಯನ್ನು ಹೊಸ್ತಿಲಿನ ಪಕ್ಕದಲ್ಲೇ ಇಡುತ್ತಿದ್ದ. ಒಂದು ಸಲ ಎಳೆಯುವಾಗ ಹಿಂದಿನ ಪಿನ್ನು ಕಿತ್ತು ಬಂದು ಅವನಪ್ಪನ ಕೈಲಿ ಏಟು ತಿಂದ. ಮಾರನೇ ದಿನ ಮತ್ತೆ ಎಳೆದ.

ಇದು ಮೂವತ್ತು ವರ್ಷ ನನ್ನ ನೆನಪಿನಲ್ಲಿ ಇರಲೇ ಇಲ್ಲ. ಯಾಕೆ? ಹೊಸ್ತಿಲನ್ನು ಅಳಿಸಿದ ಮೇಲೆ ಪೆಟ್ಟಿಗೆ ಎಳೆದದ್ದಕ್ಕೆ ಅರ್ಥವೇ ಉಳಿಯುವುದಿಲ್ಲ. ನನಗಾದ ಅವಮಾನವನ್ನು ಮುಚ್ಚಲು ಹೋಗಿ, ಆ ಅವಮಾನದ ಒಳಗೇ ಒಬ್ಬ ಹುಡುಗ ತನ್ನ ಕೈಲಾದಷ್ಟು ಮಾಡಿದ್ದನ್ನೂ ನಾನು ಮುಚ್ಚಿಹಾಕಿದ್ದೆ.

ಬಂಧುಗಳೇ, ನನಗೆ ಕಂಡ ಧಮ್ಮ ಇಷ್ಟು. ಸುಖ ವೇದನೆಯಿಂದ ತಣ್ಹಾ, ತಣ್ಹಾದಿಂದ ಉಪಾದಾನ ಎಂದು ಪಟಿಚ್ಚ ಸಮುಪ್ಪಾದದಲ್ಲಿ ಓದುತ್ತೇವೆ. ಹಿಡಿದುಕೊಂಡದ್ದು ಕೈಯಲ್ಲಿ ಇದ್ದಂತೆಯೇ ಇರುತ್ತದೆ ಎಂದು ನಾನು ತಿಳಿದಿದ್ದೆ. ಇರುವುದಿಲ್ಲ. ಹಿಡಿಯುವ ಕೈ ಅದನ್ನು ತನ್ನ ಮುಷ್ಟಿಯ ಆಕಾರಕ್ಕೆ ಒತ್ತುತ್ತದೆ. ನನ್ನ ಸಿಹಿ ನೆನಪಿನಲ್ಲಿ ನನ್ನ ಗೆಳೆಯ ಒಂದು ಬೊಂಬೆಯಾಗಿದ್ದ. ನೀಲಿ ಪ್ಯಾಂಟಿನ ಬೊಂಬೆ. ನಿಜವಾದ ಹುಡುಗ ಸಿಕ್ಕಿದ್ದು ಸಿಹಿ ಹೋದ ಮೇಲೆ.

ಹಾಗೆಂದು ಪೆಟ್ಟಿಗೆ ಎಳೆದದ್ದೇ ಸಾಕಾಯಿತೇ? ಇಲ್ಲ. ಅದನ್ನೂ ನೇರವಾಗಿ ಹೇಳಬೇಕು. ಅವನು ಪೆಟ್ಟಿಗೆ ಎಳೆದ, ಹೊಸ್ತಿಲು ಇದ್ದಲ್ಲೇ ಇತ್ತು. ಒಬ್ಬ ಹುಡುಗನ ಒಳ್ಳೆಯತನದಿಂದ ಹೊಸ್ತಿಲು ಕರಗಿದ್ದರೆ ಬಾಬಾಸಾಹೇಬರು ಅಷ್ಟು ದುಡಿಯಬೇಕಾಗಿರಲಿಲ್ಲ. ಎರಡೂ ನಿಜ. ಒಂದನ್ನು ಹೇಳಲು ಇನ್ನೊಂದನ್ನು ಅಳಿಸಬೇಕಿಲ್ಲ.

*ಬಾಬಾಸಾಹೇಬರು ನೆನಪಿಸಿಕೊಂಡ ರೀತಿ*

ಬಾಬಾಸಾಹೇಬರು ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ ತಮ್ಮ ಬಾಲ್ಯದ ಒಂದು ಪ್ರಯಾಣದ ಬಗ್ಗೆ ಬರೆದಿದ್ದಾರೆ. 1901ರಲ್ಲಿ ಸಾತಾರಾದಿಂದ ಕೋರೆಗಾಂವ್‌ನಲ್ಲಿದ್ದ ತಂದೆಯನ್ನು ನೋಡಲು ಮಕ್ಕಳೇ ಹೊರಟದ್ದು. ಮಸೂರು ಸ್ಟೇಷನ್ನಿನಲ್ಲಿ ಇಳಿದದ್ದು, ಜಾತಿ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರರ ಮುಖ ಬದಲಾದದ್ದು, ಗಾಡಿಯವರು ಬರಲು ಒಪ್ಪದಿದ್ದದ್ದು, ರಾತ್ರಿಯೆಲ್ಲ ನೀರಿಲ್ಲದೆ ಕಳೆದದ್ದು ನಮಗೆಲ್ಲ ಗೊತ್ತು. ಭಾಷಣಗಳಲ್ಲಿ ಅದನ್ನೇ ಹೇಳುತ್ತೇವೆ.

ಆದರೆ ಅದೇ ಬರಹದಲ್ಲಿ ಹೊರಡುವ ಮುಂಚಿನ ಸಂಭ್ರಮವೂ ಇದೆ. ಹೊಸ ಅಂಗಿ, ಥಳಥಳಿಸುವ ಟೋಪಿ, ಹೊಸ ಬೂಟು, ರೇಷ್ಮೆ ಅಂಚಿನ ಧೋತರ. ಮೊದಲ ಸಲ ರೈಲು ಹತ್ತುವ ಮಕ್ಕಳ ಕುಣಿದಾಟ. ಅಷ್ಟು ನೋವು ಉಂಡವರು ಹೊಸ ಬಟ್ಟೆಯ ಖುಷಿಯನ್ನು ಅಳಿಸಲಿಲ್ಲ. ಆ ಖುಷಿಗಾಗಿ ಬಾಯಾರಿಕೆಯ ರಾತ್ರಿಯನ್ನೂ ಅಳಿಸಲಿಲ್ಲ. ಯಥಾಭೂತ ಅಂದರೆ ಇದ್ದದ್ದನ್ನು ಇದ್ದ ಹಾಗೆ ನೋಡುವುದು. ಅವರು ದೀಕ್ಷೆ ತೆಗೆದುಕೊಂಡದ್ದು 1956ರಲ್ಲಿ. ಆದರೆ ಈ ಬರಹ ಓದಿದರೆ ಆ ನೋಟ ಅದಕ್ಕೂ ಇಪ್ಪತ್ತು ವರ್ಷ ಮುಂಚೆಯೇ ಅವರಲ್ಲಿತ್ತು ಎನ್ನಿಸುತ್ತದೆ.

1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಅವರು ಹಳ್ಳಿಗಳ ಬಗ್ಗೆ ಆಡಿದ ಮಾತು ಬಹಳ ಜನರಿಗೆ ಕಹಿಯಾಯಿತು. ಹಳ್ಳಿಯನ್ನು ಹಾಡಿಹೊಗಳುವವರ ಪ್ರೀತಿ ಎಲ್ಲಿಂದ ಬಂತೆಂದು ಅವರು ಕೇಳಿದರು. ಬಹುಮಟ್ಟಿಗೆ ಮೆಟ್ಕಾಫ್ ಎಂಬ ಬ್ರಿಟಿಷ್ ಅಧಿಕಾರಿ ಬರೆದಿಟ್ಟ ಹೊಗಳಿಕೆಯಿಂದ ಎಂದು ಅವರೇ ತೋರಿಸಿಕೊಟ್ಟರು. “ನಮ್ಮ ಕಾಲದಲ್ಲಿ ಹಳ್ಳಿ ಎಷ್ಟು ಚೆನ್ನಾಗಿತ್ತು, ಎಲ್ಲರೂ ಒಂದೇ ಮನೆಯವರ ಹಾಗಿದ್ದೆವು” ಎಂಬ ಮೆಸೇಜುಗಳು ಇವತ್ತಿಗೂ ನಮ್ಮ ಫೋನಿಗೆ ಬರುತ್ತವೆ. ಯಾರ ಮನೆ, ಯಾರು ಒಳಗೆ, ಯಾರು ಜಗಲಿಯ ಮೇಲೆ ಎಂದು ಅವುಗಳಲ್ಲಿ ಇರುವುದಿಲ್ಲ. ಆ ಮೆಸೇಜುಗಳನ್ನು ನೋಡಿ ನಾನು ಸಿಟ್ಟಾಗುತ್ತಿದ್ದೆ. ಈಗ ನೋಡಿದರೆ ಅಂಥದ್ದೇ ಒಂದನ್ನು ನಾನೂ ನನಗೇ ಕಳಿಸಿಕೊಳ್ಳುತ್ತಿದ್ದೆ.

*ಊರಿನ ನೆನಪು*

ಈಸೂರಿನವನು ಎಂದರೆ ಯಾರಾದರೂ “ಏಸೂರು ಕೊಟ್ಟರೂ ಈಸೂರು ಕೊಡೆವು” ಎನ್ನುತ್ತಾರೆ. ನನಗೂ ಎದೆಯುಬ್ಬುತ್ತದೆ. 1942ರಲ್ಲಿ ಊರವರು ವೀರಭದ್ರ ದೇವಸ್ಥಾನದ ಮೇಲೆ ಬಾವುಟ ಹಾರಿಸಿದರು. ಒಬ್ಬ ಹುಡುಗನನ್ನು ಅಮಲ್ದಾರ, ಇನ್ನೊಬ್ಬ ಹುಡುಗನನ್ನು ಸಬ್ ಇನ್‌ಸ್ಪೆಕ್ಟರ್ ಮಾಡಿ ತಮ್ಮದೇ ಸರ್ಕಾರ ಕಟ್ಟಿದರು. ಸೆಪ್ಟೆಂಬರ್ 28ರ ಘರ್ಷಣೆಯಲ್ಲಿ ಸರ್ಕಾರದ ಇಬ್ಬರು ಅಧಿಕಾರಿಗಳು ಸತ್ತರು. 1943ರ ಮಾರ್ಚಿನಲ್ಲಿ ಊರಿನ ಐವರನ್ನು ಗಲ್ಲಿಗೇರಿಸಿದರು. ನಾವು ಚಿಕ್ಕವರಿದ್ದಾಗ ಹುಡುಗರ ಸರ್ಕಾರದ ಕಥೆಯನ್ನು ಕುಣಿದು ಹೇಳುತ್ತಿದ್ದೆವು. ಆ ಇಬ್ಬರು ಅಧಿಕಾರಿಗಳ ಮನೆಯಲ್ಲೂ ಅವತ್ತು ಅತ್ತವರು ಇದ್ದಿರಬೇಕು ಎಂದು ಯೋಚಿಸಲಿಲ್ಲ. ಹಾಗೆ ಯೋಚಿಸಿದರೆ ಐವರ ತ್ಯಾಗ ಚಿಕ್ಕದಾಗುವುದಿಲ್ಲ, ಅದರ ಭಾರ ಇನ್ನಷ್ಟು ತಿಳಿಯುತ್ತದೆ.

ನಮ್ಮ ತಾಲ್ಲೂಕಿನದೇ ಬಳ್ಳಿಗಾವಿಯಲ್ಲಿ 11ನೇ ಶತಮಾನದಲ್ಲಿ ಬೌದ್ಧ ವಿಹಾರ ಇತ್ತು, ಶಾಸನವಿದೆ, ತಾರಾ ಭಗವತಿಯ ಶಿಲ್ಪವೂ ಸಿಕ್ಕಿದೆ. ನಮ್ಮ ಕೇರಿಯಲ್ಲಿ ನನ್ನ ಬಾಲ್ಯದಲ್ಲಿ ಯಾರೂ ಅದನ್ನು ಹೇಳಿದ ನೆನಪಿಲ್ಲ. ಊರುಗಳೂ ನಮ್ಮ ಹಾಗೇ, ತಮಗೆ ಬೇಕಾದಷ್ಟನ್ನು ಇಟ್ಟುಕೊಳ್ಳುತ್ತವೆ.

*ಎಲ್ಲರೂ ಮತ್ತೆ ಆಡಲೇಬೇಕೇ?*

ಇಲ್ಲ. ಇದನ್ನು ನಿಯಮ ಮಾಡಬಾರದು. ನಮ್ಮ ಹಿರಿಯ ಅಕ್ಕನ ಮಾತು ಕರುಣೆಯಿಂದ ಬಂದದ್ದು. ನಮ್ಮಲ್ಲಿ ಎಷ್ಟೋ ತಾಯಂದಿರು ಹುಟ್ಟಿದ ಊರಿನ ಹೆಸರೆತ್ತುವುದಿಲ್ಲ. ಅವರನ್ನು ಕೂರಿಸಿಕೊಂಡು “ನೋಡು, ಇದ್ದದ್ದು ಇದ್ದ ಹಾಗೆ ನೋಡು” ಎಂದು ಒತ್ತಾಯಿಸುವುದು ಧಮ್ಮವಲ್ಲ. ಗಾಯಕ್ಕೆ ಪಟ್ಟಿ ಕಟ್ಟಿದ್ದರೆ ಅದನ್ನು ಯಾವಾಗ ಬಿಚ್ಚಬೇಕೆಂದು ಗಾಯವಾದವರಿಗೆ ಗೊತ್ತು. ಸುಮ್ಮನೆ ಬೇಸರವಾಗಿ ಹಳೆಯ ಆಟ ಬಿಟ್ಟವರೂ ಇರುತ್ತಾರೆ, ಅದರಲ್ಲಿ ದೋಷವೇನಿದೆ?

ನಮ್ಮ ಹುಡುಗನಿಗೆ ನಾನು ಹೇಳುವುದು ಇಷ್ಟೇ. ಮುಟ್ಟದೆ ಇರುವುದರಲ್ಲಿ ತಪ್ಪಿಲ್ಲ. ಮುಟ್ಟಲು ಭಯವಾದರೆ ಮಾತ್ರ ಒಂದು ಕ್ಷಣ ನಿಂತು, ಅಲ್ಲಿ ಏನು ಕಂಡುಬಿಡುತ್ತದೆ ಎಂದು ಹೆದರುತ್ತಿದ್ದೇನೆ ಎಂದು ಕೇಳಿಕೋ. ಆಟ ಸಪ್ಪೆ ಅನಿಸುತ್ತದೆ ಎಂಬ ಭಯ ಚಿಕ್ಕದು, ಅದು ಒಂದು ದಿನದಲ್ಲಿ ಹೋಗುತ್ತದೆ. ಅದರ ಹಿಂದೆ ಇನ್ನೊಂದಿದ್ದರೆ, ಅದು ನಿನಗೆ ಗೊತ್ತಿಲ್ಲದೆ ನಿನ್ನನ್ನು ನಡೆಸುತ್ತಿರುತ್ತದೆ. ನಾನು ಇವತ್ತಿಗೂ ಯಾರ ಮನೆಗೆ ಹೋದರೂ ಬಾಗಿಲ ಹತ್ತಿರದ ಕುರ್ಚಿಯಲ್ಲೇ ಕೂರುತ್ತೇನೆ. ಸೆಕೆಯಾಗುತ್ತದೆ ಎಂದು ಹೇಳಿಕೊಳ್ಳುತ್ತಿದ್ದೆ. ಸೆಕೆಯಲ್ಲ ಎಂದು ಈ ವಾರ ಗೊತ್ತಾಯಿತು.

ಬುದ್ಧರು ಬಿಟ್ಟು ಬಂದ ಕಪಿಲವಸ್ತುವಿಗೆ ಮತ್ತೆ ಹೋದರು. ತಂದೆ, ಯಶೋಧರೆ, ರಾಹುಲ ಎಲ್ಲರ ಎದುರು ನಿಂತರು. ಹಳೆಯ ಸುಖ ಮರಳಿ ಬೇಕೆಂದು ಹೋಗಲಿಲ್ಲ, ಹಳೆಯ ನೋವಿಗೆ ಹೆದರಿ ದೂರವೂ ಉಳಿಯಲಿಲ್ಲ. ನಮ್ಮ ಕೈಯಲ್ಲಿ ಅಷ್ಟಾಗದಿದ್ದರೂ ಆ ದಾರಿ ಇದೆ ಎಂದು ತಿಳಿದಿರೋಣ.

*ಕೊನೆಗೆ*

ಸೋಮವಾರ ಆ ಗೆಳೆಯನಿಗೆ ಫೋನ್ ಮಾಡಿದೆ. ವರ್ಷಕ್ಕೊಮ್ಮೆ ಮಾತಾಡುತ್ತೇವೆ. ಕಾಂಟ್ರಾ ಎಂದ ಕೂಡಲೇ ಅವನ ದನಿಯೇ ಬದಲಾಯಿತು. “ಏನ್ ದಿನ ಮಾರಾಯ ಅವು! ಪಕ್ಕಪಕ್ಕ ಕೂತು ಆಡ್ತಿದ್ವಲ್ಲ!”

“ಪಕ್ಕದಲ್ಲಲ್ಲ ಕಣೋ. ನಾನು ಹೊಸ್ತಿಲಾಚೆ ಇರ್ತಿದ್ದೆ” ಎಂದೆ. ಸಿಟ್ಟಿನಿಂದ ಹೇಳಲಿಲ್ಲ. ಪೆಟ್ಟಿಗೆ ಎಳೆಯುತ್ತಿದ್ದದ್ದನ್ನೂ ಹೇಳಿದೆ, ಅವನು ಏಟು ತಿಂದದ್ದನ್ನೂ ಹೇಳಿದೆ. ಅವನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ “ಆಮೇಲ್ ಮಾಡ್ತೀನಿ” ಎಂದು ಇಟ್ಟುಬಿಟ್ಟ. ಗೆಳೆತನ ಮುಗಿಯಿತೇನೋ ಎಂದುಕೊಂಡೆ. ಎರಡು ದಿನ ಫೋನ್ ಬರಲಿಲ್ಲ.

ನಿನ್ನೆ ರಾತ್ರಿ ಅವನ ಮೆಸೇಜು ಬಂತು: “ವೈರು ಸಾಲ್ತಿರ್ಲಿಲ್ಲ ಅನ್ನೋದು ನಂಗೆ ಯಾವಾಗ್ಲೂ ನೆನಪಿತ್ತು. ಯಾಕೆ ಸಾಲ್ತಿರ್ಲಿಲ್ಲ ಅಂತ ಒಂದು ದಿನಾನೂ ಯೋಚ್ನೆ ಮಾಡಿರ್ಲಿಲ್ಲ ಕಣೋ. ಭಾನುವಾರ ಮಗನ್ನ ಕರ್ಕೊಂಡು ನಿಮ್ಮನೆಗೆ ಬರ್ಲಾ?”

ಬಾ ಎಂದಿದ್ದೇನೆ. ವಂದನೆ ಮುಗಿಸಿ ಹನ್ನೊಂದಕ್ಕೆ ಮನೆಯಲ್ಲಿರುತ್ತೇನೆ. ಅವತ್ತು ಚಹಾಕ್ಕೆ ನಾನು ಸಿಗುವುದಿಲ್ಲ, ಬಂಧುಗಳು ಕ್ಷಮಿಸಬೇಕು.

*ಇಂದಿನ ಅಭ್ಯಾಸ:* ಹತ್ತು ನಿಮಿಷ ಕೂತು, ನಿಮ್ಮ ಬಾಲ್ಯದ ಒಂದು ಪ್ರೀತಿಯ ನೆನಪನ್ನು ತಂದುಕೊಳ್ಳಿ. ಅದರಲ್ಲಿ ನೀವು ಎಲ್ಲಿ ಕೂತಿದ್ದಿರಿ, ಯಾರು ನಿಮಗಾಗಿ ಕಾದರು, ಯಾರಿಗಾಗಿ ನೀವು ಕಾಯಲಿಲ್ಲ ಎಂದು ನಿಧಾನವಾಗಿ ನೋಡಿ. ನೋವೆನಿಸಿದರೆ ಅಲ್ಲಿಗೇ ಬಿಟ್ಟು ಉಸಿರಿಗೆ ಮರಳಿ. ಕೊನೆಗೆ ಆ ನೆನಪಿನಲ್ಲಿರುವ ಎಲ್ಲರಿಗೂ, ನಿಮಗೂ, ಮೈತ್ರಿ ಹೇಳಿ.

ಭವತು ಸಬ್ಬ ಮಂಗಲಂ.
ನಮೋ ಬುದ್ಧಾಯ. ಜೈ ಭೀಮ್.